‘ದಿ ಪಿಟ್’: ರೋಗಿಯ ಹಾಸಿಗೆಯಿಂದ ನೋಡಿದಾಗ

ಆಸ್ಪತ್ರೆ ಧಾರಾವಾಹಿಗಳಲ್ಲಿ ರೋಗಿ ಕಾಯುವುದೇ ಅಪರೂಪ. ‘ದಿ ಪಿಟ್’ನಲ್ಲಿ ಕಾಯುತ್ತಾನೆ. 2025ರಲ್ಲಿ ಬಂದ ಮೊದಲ ಸೀಸನ್ನಿನ 15 ಕಂತುಗಳು ಅಮೆರಿಕದ ಪಿಟ್ಸ್‌ಬರ್ಗಿನ ಆಸ್ಪತ್ರೆಯೊಂದರ ಎಮರ್ಜೆನ್ಸಿ ವಿಭಾಗದ ಒಂದೇ ಶಿಫ್ಟಿನ ಕಥೆ, ಕಂತಿಗೊಂದು ಗಂಟೆ. ಮೇಲಿನ ವಾರ್ಡಿನಲ್ಲಿ ಬೆಡ್ ಸಿಗದ ರೋಗಿಗಳು ಕೆಳಗೇ ಉಳಿಯುತ್ತಾರೆ. ಹಾಗಾಗಿ ಹೊರಗೆ ಕುರ್ಚಿಯಲ್ಲಿ ಕೂತವರ ಸಾಲು ಕರಗುವುದೇ ಇಲ್ಲ. ತಡಕ್ಕೆ ನಿಜವಾದ ಕಾರಣ ಇದು, ಡಾಕ್ಟರರ ಉದಾಸೀನವಲ್ಲ. ಅದನ್ನು ಇಷ್ಟು ಬಿಡಿಸಿ ತೋರಿಸಿದ್ದೇ ದೊಡ್ಡ ಮಾತು.

ಇಂಥ ಧಾರಾವಾಹಿಗಳಲ್ಲಿ ಹೃದಯ ನಿಂತವರ ಎದೆ ಒತ್ತುವ (ಸಿಪಿಆರ್) ದೃಶ್ಯವನ್ನು ಗಮನಿಸಿ. ನಿಜದಲ್ಲಿ ಒತ್ತಬೇಕಾದ್ದು ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳ, ಮೊಣಕೈ ನೆಟ್ಟಗೆ. ನಟನ ಮೇಲೆ ಹಾಗೆ ಒತ್ತಿದರೆ ಪಕ್ಕೆಲುಬು ಮುರಿದೀತು, ಅದಕ್ಕೇ ಎಷ್ಟೋ ಕಡೆ ಮೊಣಕೈ ಮಡಚಿ ತಟ್ಟಿದಂತೆ ಕಾಣುತ್ತದೆ. ಹೃದಯದ ಬಡಿತ ತೋರಿಸುವ ಮಾನಿಟರಿನ ಗೆರೆ ನೇರವಾದ ಕೂಡಲೇ ಶಾಕ್ ಕೊಡುವುದು ಇನ್ನೊಂದು ಹಳೇ ತಪ್ಪು. ಶಾಕ್ ಬೇಕಾಗುವುದು ಹೃದಯ ಲಯತಪ್ಪಿ ಅದುರುವಾಗ. ನೇರ ಗೆರೆಗೆ ಎದೆ ಒತ್ತುವುದು, ಅಡ್ರಿನಲಿನ್ ಮದ್ದು, ಅಷ್ಟೇ. 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅಧ್ಯಯನದ ಪ್ರಕಾರ, ಅಂದಿನ ಅಮೆರಿಕದ ಟಿವಿಯಲ್ಲಿ ಸಿಪಿಆರ್ ಪಡೆದವರಲ್ಲಿ 75% ಮಂದಿ ಆ ಕ್ಷಣಕ್ಕೆ ಬದುಕುತ್ತಿದ್ದರು. ನಿಜದಲ್ಲಿ ಬದುಕುವವರು ತೀರಾ ಕಡಿಮೆ. ರೋಗಿಯ ಮನೆಯವರು ಈ ವ್ಯತ್ಯಾಸ ತಿಳಿದಿರಲೇಬೇಕು.

ಒಂದು ಕೊರತೆ ಮಾತ್ರ ಉಳಿಯುತ್ತದೆ. ಒಂದೇ ದಿನದ ಕಥೆಯಾದ್ದರಿಂದ ಆಮೇಲಿನ ವಾರಗಳು ಕಾಣುವುದಿಲ್ಲ: ಉಸಿರಿನ ನಳಿಕೆ ತೆಗೆದ ಮೇಲೆ ಒಡೆದ ದನಿ, ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮುವುದು, ಬಚ್ಚಲಿನವರೆಗೆ ನಡೆಯಲು ಆಸರೆ. ರಕ್ತ ನೋಡಲಾಗದವರು ರಾತ್ರಿ ಊಟದ ಹೊತ್ತಿಗೆ ಇದನ್ನು ಹಾಕಬೇಡಿ.