ಕೈಯೆತ್ತುವ ಮೊದಲು: ಚರ್ಚಿನ ರಾಷ್ಟ್ರೀಯ ಮಹಾಸಭೆಯಲ್ಲಿ ಪ್ರತಿನಿಧಿಯಾಗಿ ನಾಲ್ಕು ದಿನ

ನಮ್ಮ ಚರ್ಚಿನ ರಾಷ್ಟ್ರೀಯ ಮಹಾಸಭೆಗೆ ಈ ಬಾರಿ ನಾನು ಮೊದಲ ಸಲ ಪ್ರತಿನಿಧಿಯಾಗಿ ಹೋಗಿದ್ದೆ. ಮುಂದೆ ಇಂಥ ಸಭೆಗೆ ಆಯ್ಕೆಯಾಗಿ ಹೋಗುವವರಿಗೆ ಉಪಯೋಗವಾಗಲೆಂದು ಅದರ ವ್ಯವಸ್ಥೆಯ ವಿಮರ್ಶೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ವಸತಿ, ನೋಂದಣಿ, ಸಮಯಪಾಲನೆ ಇವೆಲ್ಲ ಅಚ್ಚುಕಟ್ಟಾಗಿದ್ದವು. ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪ್ರತಿನಿಧಿಯೊಬ್ಬರು ವಿಷಯವನ್ನು ಅರಿತು ಕೈಯೆತ್ತುವುದಕ್ಕೆ ಆ ವ್ಯವಸ್ಥೆ ಅನುವು ಮಾಡಿಕೊಟ್ಟಿತೇ ಎಂಬುದೊಂದೇ ನನ್ನ ಅಳತೆಗೋಲು.

ಈ ಅಳತೆಯಲ್ಲಿ ಮಹಾಸಭೆ ಸೋತದ್ದು ಕಾಗದಪತ್ರಗಳ ವಿಷಯದಲ್ಲಿ. ಕಾರ್ಯಸೂಚಿ, ಸಮಿತಿಗಳ ವರದಿಗಳು, ಆಯವ್ಯಯ ಪಟ್ಟಿ ಮತ್ತು ಚರ್ಚಿನ ಸಂವಿಧಾನದ ತಿದ್ದುಪಡಿಯ ಕರಡು ಸೇರಿದ ಮುನ್ನೂರಕ್ಕೂ ಹೆಚ್ಚು ಪುಟಗಳ ಕಟ್ಟು ನನ್ನ ಕೈಸೇರಿದ್ದು ಹೊರಡಲು ಮೂರೇ ದಿನ ಉಳಿದಿದ್ದಾಗ. ನನ್ನನ್ನು ಆರಿಸಿ ಕಳುಹಿಸಿದ ಸಭಿಕರೊಡನೆ ಕುಳಿತು, ಯಾವ ಠರಾವಿನ ಬಗ್ಗೆ ಅವರ ಅಭಿಪ್ರಾಯವೇನು ಎಂದು ಕೇಳುವುದಕ್ಕೆ ಒಂದು ಭಾನುವಾರವೂ ಸಿಗಲಿಲ್ಲ. ಅವರ ಪ್ರತಿನಿಧಿ ಎನ್ನಿಸಿಕೊಂಡು ಹೋಗಿ, ಅವರು ನೋಡಿಯೇ ಇರದ ಕರಡಿನ ಮೇಲೆ ಮತ ಹಾಕಿದೆನಲ್ಲ ಎಂಬ ನೋವು ನನಗೆ ಇನ್ನೂ ಇದೆ. ಲೆಕ್ಕಪತ್ರದಲ್ಲಿ ಹಿಂದಿನ ವರ್ಷದ ಅಂಕಿಗಳನ್ನು ಪಕ್ಕದಲ್ಲಿ ಕೊಟ್ಟಿರಲಿಲ್ಲವಾದ್ದರಿಂದ, ಯಾವ ಖರ್ಚು ಹೆಚ್ಚಿದೆ, ಯಾವುದು ತಗ್ಗಿದೆ ಎಂದು ತಿಳಿಯಲು ಹಳೆಯ ವರದಿಯನ್ನು ಯಾರಿಂದಲಾದರೂ ಕೇಳಿ ಪಡೆಯಬೇಕಾಗಿತ್ತು. ಎರಡು ಮುಖ್ಯ ತಿದ್ದುಪಡಿಗಳಂತೂ ಮತದಾನದ ದಿನ ಬೆಳಿಗ್ಗೆ ಬಿಡಿಹಾಳೆಗಳಲ್ಲಿ ಬಂದವು.

ಇದಕ್ಕೆ ತದ್ವಿರುದ್ಧವಾಗಿ, ಹೊಸಬರಿಗಾಗಿ ಮೊದಲ ದಿನ ಮಧ್ಯಾಹ್ನ ನಡೆಸಿದ ತರಬೇತಿ ಬಹಳ ಚೆನ್ನಾಗಿತ್ತು. ಠರಾವು ಮಂಡಿಸುವುದು ಹೇಗೆ, ಅದಕ್ಕೆ ಅನುಮೋದಕರು ಏಕೆ ಬೇಕು, ತಿದ್ದುಪಡಿಯನ್ನು ಮೂಲ ಠರಾವಿಗಿಂತ ಮೊದಲು ಮತಕ್ಕೆ ಹಾಕುವುದೇಕೆ, ಕ್ರಿಯಾಲೋಪವನ್ನು, ಅಂದರೆ ಸಭೆಯ ನಿಯಮ ಮೀರಲಾಗಿದೆ ಎಂಬ ಆಕ್ಷೇಪವನ್ನು, ಎತ್ತಬೇಕಾದದ್ದು ಯಾವಾಗ ಎಂಬುದನ್ನೆಲ್ಲ ಒಂದು ಅಣಕು ಚರ್ಚೆಯ ಮೂಲಕ ಕಲಿಸಿದರು. ನಿಯಮಗಳೆಂದರೆ ಆತ್ಮಿಕ ವಿಷಯಕ್ಕೆ ಅಡ್ಡಿ ಎಂದು ಭಾವಿಸುವ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಇಂದು ಹಲವು ಸಂಘಸಂಸ್ಥೆಗಳು ಅನುಸರಿಸುವ ಸಭಾ ನಿಯಮಾವಳಿಯನ್ನು 1876ರಲ್ಲಿ ಪ್ರಕಟಿಸಿದ ಅಮೆರಿಕದ ಸೇನಾ ಇಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಅವರು ಆ ಕೆಲಸಕ್ಕೆ ಮನಸ್ಸು ಮಾಡಿದ್ದೇ ಚರ್ಚೊಂದರಲ್ಲಿ ನಡೆದ ಸಭೆಗೆ ಅಧ್ಯಕ್ಷರಾಗಿ, ಅದನ್ನು ಹತೋಟಿಯಲ್ಲಿ ಇಡಲಾಗದೆ ಪೇಚಾಡಿದ ಮೇಲೆ. ನಿಯಮವಿಲ್ಲದ ಕಡೆ ದೊಡ್ಡ ದನಿಯವರದೇ ನಡೆಯುತ್ತದೆ. ಮೆಲುದನಿಯವರಿಗೆ ಆಸರೆಯಾಗುವುದು ನಿಯಮವೇ.

ಅಧ್ಯಕ್ಷತೆ ವಹಿಸಿದವರು ಈ ಮಾತನ್ನು ನಡೆಸಿ ತೋರಿಸಿದರು. ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಎಂಬ ಕ್ರಮವನ್ನು ಕೊನೆಯವರೆಗೂ ಬಿಡಲಿಲ್ಲ. ಮೂರು ನಿಮಿಷದ ಮಿತಿಯನ್ನು ಬಿಷಪ್ಪರಿಗೂ ಒಂದೇ ರೀತಿಯಲ್ಲಿ ಅನ್ವಯಿಸಿದರು. ಆದರೆ ಮೈಕುಗಳೆಲ್ಲವೂ ವೇದಿಕೆಯ ಮುಂದೆಯೇ ಇದ್ದುದರಿಂದ, ಗಾಲಿಕುರ್ಚಿಯಲ್ಲಿದ್ದ ಹಿರಿಯರೊಬ್ಬರು ಎರಡು ಬಾರಿ ಕೈಯೆತ್ತಿಯೂ ಮಾತನಾಡಲಾಗಲಿಲ್ಲ. ಭಾಷಾಂತರಕಾರರು ಇಬ್ಬಿಬ್ಬರಂತೆ ಸರದಿಯ ಮೇಲೆ ಶ್ರದ್ಧೆಯಿಂದ ದುಡಿದರೂ, ಬಿಡಿಹಾಳೆಯ ತಿದ್ದುಪಡಿಗಳು ಅವರ ಕೈಗೂ ಮೊದಲೇ ತಲುಪಿರಲಿಲ್ಲ. ಇಯರ್‌ಫೋನಿನಲ್ಲಿ ವಾಕ್ಯ ಮುಗಿಯುವ ಮುನ್ನವೇ ಮತ ಎಣಿಕೆ ಆರಂಭವಾದದ್ದೂ ಉಂಟು.

ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಮೂರನೆಯ ದಿನ. ಅಂದು ಮತದಾನದ ಬದಲು ಒಮ್ಮತದ ಕ್ರಮವನ್ನು ಅನುಸರಿಸಿದರು. ಚರ್ಚುಗಳ ವಿಶ್ವ ಮಂಡಳಿಯು ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 2006ರಲ್ಲಿ ನಡೆಸಿದ ಮಹಾಸಭೆಯಲ್ಲಿಯೂ ಇದೇ ಬಗೆಯ ಕ್ರಮವಿತ್ತು. ಪ್ರತಿಯೊಬ್ಬರ ಬಳಿ ಎರಡು ಕಾರ್ಡುಗಳಿರುತ್ತವೆ: ಕೇಳುತ್ತಿರುವ ಮಾತು ಒಪ್ಪಿಗೆಯೆನಿಸಿದರೆ ಕಿತ್ತಳೆ ಬಣ್ಣದ್ದನ್ನು, ಒಪ್ಪಿಗೆಯಿಲ್ಲದಿದ್ದರೆ ನೀಲಿಯದನ್ನು ಎತ್ತಿ ತೋರಿಸಬೇಕು. ಚರ್ಚಿನ ಜಮೀನೊಂದನ್ನು ಮಾರುವ ಪ್ರಸ್ತಾವ ಬಂದಾಗ ಮೊದಲು ಸಭಾಂಗಣದ ತುಂಬ ಕಿತ್ತಳೆಯೇ ಕಂಡಿತು. ಹಿಂದಿನ ಮೇಜೊಂದರಲ್ಲಿ ನೀಲಿ ಕಾರ್ಡು ಹಿಡಿದಿದ್ದ ಮಹಿಳೆಯನ್ನು ಅಧ್ಯಕ್ಷರು ಕರೆದು ಕಾರಣ ಕೇಳಿದರು. ಆ ಜಾಗದಲ್ಲಿ ಈಗಲೂ ಮಕ್ಕಳ ಪಾಠ ನಡೆಯುತ್ತಿದೆ ಎಂದು ಆಕೆ ತಿಳಿಸಿದರು. ವರದಿಯಲ್ಲಿ ಆ ವಿಷಯವೇ ಇರಲಿಲ್ಲ. ಒಂದು ಗಂಟೆಯ ಮಾತುಕತೆಯ ನಂತರ ಮಾರಾಟವನ್ನು ಮುಂದೂಡಿ, ಸ್ಥಳೀಯರೊಡನೆ ಸಮಾಲೋಚಿಸಲು ಎಲ್ಲರೂ ಒಪ್ಪಿದರು. ಬರಿಯ ಕೈಯೆಣಿಕೆಯಾಗಿದ್ದರೆ ಆಕೆಯ ಮತವನ್ನು ವಿರೋಧದ ಒಂದು ಮತವೆಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು.

ಸಂವಿಧಾನ ತಿದ್ದುಪಡಿಗೆ ಮಾತ್ರ ಬಿಷಪ್ಪರು, ಸಭಾಪಾಲಕರು ಮತ್ತು ಸಾಮಾನ್ಯ ಸದಸ್ಯರ ಮತಗಳನ್ನು ಬೇರೆಬೇರೆಯಾಗಿ ಎಣಿಸಿದರು. ಇದು ಕಾಲಹರಣ ಎಂದು ಹಲವರು ಬೇಸರಪಟ್ಟರು; ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಚರ್ಚಿನ ಆಡಳಿತ ಸಭೆಯಾದ ಜನರಲ್ ಸಿನಡ್‌ನಲ್ಲಿ 2012ರ ನವೆಂಬರಿನಲ್ಲಿ ಮಹಿಳೆಯರನ್ನು ಬಿಷಪ್ಪರನ್ನಾಗಿಸುವ ಮಸೂದೆಗೆ ಬಿಷಪ್ಪರ ಮತ್ತು ಪಾದ್ರಿಗಳ ವಿಭಾಗಗಳೆರಡೂ ಭಾರಿ ಬಹುಮತದಿಂದ ಒಪ್ಪಿದ್ದರೂ, ಸಾಮಾನ್ಯ ಸದಸ್ಯರ ವಿಭಾಗದಲ್ಲಿ 132 ಮತಗಳು ಪರವಾಗಿ, 74 ವಿರೋಧವಾಗಿ ಬಿದ್ದು, ಮೂರನೇ ಎರಡರಷ್ಟು ಬಹುಮತಕ್ಕೆ ಆರು ಮತಗಳು ಸಾಲದೆ ಹೋದವು. ಆ ಫಲಿತಾಂಶದಿಂದ ಎಷ್ಟೋ ಜನ ಕಣ್ಣೀರಿಟ್ಟದ್ದು ನಿಜ, ಮತ್ತು ಅವರ ದುಃಖ ನ್ಯಾಯವಾದದ್ದು. ಆದರೂ ಮತ್ತೆ ಕುಳಿತು ಮಾತನಾಡಿ, 2014ರ ಜುಲೈಯಲ್ಲಿ ಮೂರೂ ವಿಭಾಗಗಳ ಒಪ್ಪಿಗೆ ಪಡೆದಾಗ, ಅದು ಇಡೀ ಚರ್ಚಿನ ತೀರ್ಮಾನವಾಯಿತು.

ಪ್ರತಿ ಮತದಾನಕ್ಕೂ ಮುಂಚೆ ಒಂದು ನಿಮಿಷ ಮೌನ ಪ್ರಾರ್ಥನೆ ಇರುತ್ತಿತ್ತು. ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದಲ್ಲಿ ಯೆರೂಸಲೇಮಿನಲ್ಲಿ ಕೂಡಿದವರು ಬಹಳ ವಾದ ನಡೆದ ಮೇಲೆಯೇ ಒಂದು ಮನಸ್ಸಿಗೆ ಬಂದರೆಂಬುದನ್ನು ಬೆಳಗಿನ ಆರಾಧನೆಯಲ್ಲಿ ಓದಿದ್ದೆವು; ಆ ಮೌನದಲ್ಲಿ ನನಗೆ ಅದೇ ನೆನಪಾಗುತ್ತಿತ್ತು.

ಆಯ್ಕೆಯಾದವರಿಗೆ ನಾನು ಖಂಡಿತ ಹೋಗಿರಿ ಎನ್ನುತ್ತೇನೆ. ಹೋಗುವ ಮುನ್ನ ಹಿಂದಿನ ಮಹಾಸಭೆಯ ನಡಾವಳಿಯನ್ನೂ ಲೆಕ್ಕಪತ್ರವನ್ನೂ ತರಿಸಿಕೊಂಡು ಓದಿರಿ. ಕಾಗದಪತ್ರಗಳು ಕನಿಷ್ಠ ಮೂವತ್ತು ದಿನ ಮುಂಚೆ ಪ್ರತಿನಿಧಿಗಳನ್ನು ತಲುಪಬೇಕು, ಬಿಡಿಹಾಳೆಯ ತಿದ್ದುಪಡಿಯನ್ನು ಅದೇ ದಿನ ಮತಕ್ಕೆ ಹಾಕಬಾರದು ಎಂದು ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಮುಂದಿನ ಮಹಾಸಭೆಯೊಳಗೆ ಇದು ನಿಯಮವಾಗದಿದ್ದರೆ, ಅಲ್ಲಿ ಠರಾವಾಗಿ ಮಂಡಿಸುವಂತೆ ನಮ್ಮ ಪ್ರತಿನಿಧಿಯನ್ನು ಕೇಳಿಕೊಳ್ಳುತ್ತೇನೆ. ಅನುಮೋದಿಸಲು ನೀಲಿ ಕಾರ್ಡಿನ ಆ ಸಹೋದರಿ ಈಗಾಗಲೇ ಒಪ್ಪಿದ್ದಾರೆ.