ಟ್ಯಾಬ್ಲೆಟ್‌ಗೆ ಯಾವ ಕೀಬೋರ್ಡ್? ಕವರ್, ಮಡಿಚುವುದು, ಬಿಡಿ: ಮೂರನ್ನೂ ಬಳಸಿ ನೋಡಿದ ಮೇಲೆ

ಹತ್ತು ಇಂಚಿನ ಒಂದೇ ಟ್ಯಾಬ್ಲೆಟ್‌ಗೆ ಮೂರು ಬಗೆಯ ಬ್ಲೂಟೂತ್ ಕೀಬೋರ್ಡ್ ಜೋಡಿಸಿ ಬರೆದು ನೋಡಿದ್ದೇನೆ. ಕವರ್ ಜೊತೆಗೇ ಬರುವುದು ಒಂದು, ಮಡಿಚಿ ಜೇಬಿಗೆ ಹಾಕುವಂಥದ್ದು ಒಂದು, ಮೇಜಿನ ಮೇಲೆ ಬೇರೆಯಾಗಿ ಇಡುವ ಬಿಡಿ ಕೀಬೋರ್ಡ್ ಇನ್ನೊಂದು. ಇಂಗ್ಲಿಷ್‌ನಲ್ಲಿ ನಾಲ್ಕು ಸಾಲಿನ ಮೇಲ್ ಬರೆಯುವವರಿಗೆ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಕನ್ನಡದಲ್ಲಿ ಪುಟಗಟ್ಟಲೆ ಬರೆಯುವವರ ವಿಷಯ ಬೇರೆ.

ಮಡಿಚುವುದರ ಮಾತು ಬೇಗ ಮುಗಿಸಿಬಿಡುತ್ತೇನೆ. ಹಗುರ, ಚಿಕ್ಕದು, ನೋಡಲು ಚಂದ. ಆದರೆ ನಡುವೆ ಕೀಲು ಇರುವುದರಿಂದ ಸ್ಪೇಸ್‌ಬಾರ್ ಎರಡು ತುಂಡು. ತೊಡೆಯ ಮೇಲೆ ಇಟ್ಟರೆ ಅದೇ ಮಡಿಚಿಕೊಳ್ಳಲು ನೋಡುತ್ತದೆ. ಹಾಗಾಗಿ ಮೇಜು ಬೇಕೇ ಬೇಕು. ಮೇಜು ಇದ್ದ ಮೇಲೆ ದೊಡ್ಡದನ್ನೇ ಇಟ್ಟುಕೊಳ್ಳಬಹುದು, ಅಲ್ವಾ?

ನಿಜವಾದ ಪೈಪೋಟಿ ಕವರ್‌ಗೂ ಬಿಡಿ ಕೀಬೋರ್ಡಿಗೂ. ಕವರ್‌ನ ದೊಡ್ಡ ಅನುಕೂಲ ಎಂದರೆ ತೆರೆದ ಕೂಡಲೇ ಬರೆಯಬಹುದು. ಹಿಂದೆ ಒರಗುಕಾಲು ಇರುವಂಥದ್ದಾದರೆ ತೊಡೆಯ ಮೇಲೂ ಹೇಗೋ ನಿಲ್ಲುತ್ತದೆ. ಅದು ಇಲ್ಲದಿದ್ದರೆ ಕಷ್ಟ. ಟ್ಯಾಬ್ಲೆಟ್‌ನಲ್ಲಿ ಭಾರವೆಲ್ಲ ಪರದೆಯ ಕಡೆಗೇ ಇರುತ್ತದೆ, ಸ್ವಲ್ಪ ಅಲುಗಿದರೂ ಹಿಂದಕ್ಕೆ ವಾಲುತ್ತದೆ.

ಕವರ್‌ನ ತೊಂದರೆ ಇರುವುದು ಅಗಲದಲ್ಲಿ. ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿಲಿಮೀಟರ್. ಒಂದು ಸಾಲಿಗೆ ಅಂಥ ಹದಿನೈದು ಕೀಗಳಷ್ಟು ಜಾಗ ಬೇಕು, ಅಂದರೆ ಹೆಚ್ಚುಕಡಿಮೆ 28 ಸೆಂಟಿಮೀಟರ್. ಹತ್ತು ಇಂಚಿನ ಟ್ಯಾಬ್ಲೆಟ್ ಇರುವುದೇ 24-25 ಸೆಂಟಿಮೀಟರ್ ಉದ್ದ. ಮಿಕ್ಕಿದ್ದನ್ನು ಎಲ್ಲಾದರೂ ಕತ್ತರಿಸಲೇಬೇಕಲ್ಲ. ಮಧ್ಯದ ಅಕ್ಷರಗಳನ್ನು ಮುಟ್ಟದೆ ಬಲಗಡೆಯ ಅಂಚಿನ ಕೀಗಳನ್ನು ಸಣ್ಣ ಮಾಡುತ್ತಾರೆ.

ಇಂಗ್ಲಿಷ್‌ನವರಿಗೆ ಆ ಅಂಚಿನಲ್ಲಿ ಇರುವುದು ಬರೀ ಆವರಣ, ಅರ್ಧವಿರಾಮ, ಉದ್ಧರಣ ಚಿಹ್ನೆ. ನಾನು ಬರೆಯುವುದು ಇನ್‌ಸ್ಕ್ರಿಪ್ಟ್‌ನಲ್ಲಿ, ಅಂದರೆ ಭಾರತೀಯ ಭಾಷೆಗಳಿಗೆಂದು ಸರ್ಕಾರ ಗೊತ್ತುಮಾಡಿದ ಕೀಬೋರ್ಡ್ ವಿನ್ಯಾಸದಲ್ಲಿ. ಅದರಲ್ಲಿ ಸ್ವರಗಳು ಬಹುಪಾಲು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಅರ್ಧವಿರಾಮದ ಕೀ ಮೇಲೆ ಚ, ಅದರ ಪಕ್ಕ ಟ, ಆವರಣದ ಕೀ ಮೇಲೆ ಡ, ಕೆಳಗೆ ಓರೆಗೆರೆಯ ಮೇಲೆ ಯ. ‘ಕನ್ನಡ’ ಎಂದು ಬರೆಯಲೂ ಆ ಕಿರಿದಾದ ಕೀಯನ್ನೇ ಒತ್ತಬೇಕು! ಎಡ ಮೂಲೆಯದೂ ಅದೇ ಗೋಳು. ‘ಕೊಡು’, ‘ಹೊಸ’ ಬರೆಯಲು ಬೇಕಾದ ಚಿಹ್ನೆ ಅಂಕಿ ಒಂದರ ಎಡಕ್ಕಿರುವ ಕೀ ಮೇಲಿದೆ. ನನ್ನ ಕವರ್‌ನಲ್ಲಿ ಆ ಜಾಗದಲ್ಲಿ ಎಸ್ಕೇಪ್ ಕೂತಿತ್ತು. ‘ನುಡಿ’ ತಂತ್ರಾಂಶದಲ್ಲಿ ಇರುವ, ಕೆ. ಪಿ. ರಾವ್ ರೂಪಿಸಿದ ವಿನ್ಯಾಸ ಬಳಸುವವರಿಗೆ ಈ ರಗಳೆ ಇಲ್ಲ. ಅದರಲ್ಲಿ ಎಲ್ಲವೂ ಇಂಗ್ಲಿಷಿನ 26 ಅಕ್ಷರಗಳ ಕೀಗಳಲ್ಲೇ ಅಡಕ.

ಬಿಡಿ ಕೀಬೋರ್ಡ್‌ನಲ್ಲಿ ಬೆರಳಿಗೆ ಆರಾಮ. ಅದಕ್ಕಿಂತ ಜಾಸ್ತಿ ಆರಾಮ ಕತ್ತಿಗೆ. ಪರದೆಯೂ ಕೀಬೋರ್ಡೂ ಬೇರೆ ಬೇರೆ ಇರುವುದರಿಂದ ಟ್ಯಾಬ್ಲೆಟ್ಟನ್ನು ಸ್ಟ್ಯಾಂಡ್ ಮೇಲೆ ಕಣ್ಣಿನ ಮಟ್ಟಕ್ಕೆ ಎತ್ತಿಡಬಹುದು. ಕವರ್‌ನಲ್ಲಿ ತಲೆ ಬಗ್ಗಿಸಿಯೇ ಇರಬೇಕು. ಈ ಬಗೆಯಲ್ಲಿ ಲಾಜಿಟೆಕ್ ಕೆ380 ತುಂಬ ಜನ ಬಳಸುವ ಮಾದರಿ: 423 ಗ್ರಾಂ, ಎರಡು ಎಎಎ ಸೆಲ್, ಮೂರು ಸಾಧನಗಳಿಗೆ ಒಂದೊಂದು ಕೀ. ಅದೇ ಕಂಪನಿಯ ಕೆ480ಯಲ್ಲಿ ಟ್ಯಾಬ್ಲೆಟ್ ನಿಲ್ಲಿಸಲು ಉದ್ದನೆಯ ತೋಡೇ ಇದೆ, ಸ್ಟ್ಯಾಂಡ್ ಬೇಕಿಲ್ಲ. ಆದರೆ ತೂಕ 820 ಗ್ರಾಂ, ಅನೇಕ ಟ್ಯಾಬ್ಲೆಟ್‌ಗಳಿಗಿಂತ ಜಾಸ್ತಿ.

ಬಿಡಿಯದರಲ್ಲಿ ಕಿರಿಕಿರಿ ಇಲ್ಲ ಅಂತಲ್ಲ. ಕೀಬೋರ್ಡ್ ಜೋಡಣೆಯಾಗಿದ್ದರೆ ಪರದೆಯ ಕೀಬೋರ್ಡ್ ಮರೆಯಾಗುತ್ತದೆ. ಬ್ಲೂಟೂತ್ ಹತ್ತು ಮೀಟರ್‌ವರೆಗೂ ಹಿಡಿಯುತ್ತದೆ. ಟ್ಯಾಬ್ಲೆಟ್ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಏನಾದರೂ ಹುಡುಕಲು ಹೊರಟರೆ ಪರದೆಯಲ್ಲಿ ಕೀಗಳೇ ಬರುವುದಿಲ್ಲ, ಯಾಕೆ ಅಂತ ತಲೆ ಕೆರೆದುಕೊಳ್ಳಬೇಕು. ಆಂಡ್ರಾಯ್ಡ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಫಿಸಿಕಲ್ ಕೀಬೋರ್ಡ್ ವಿಭಾಗದಲ್ಲಿ ಪರದೆಯ ಕೀಬೋರ್ಡೂ ಕಾಣುವ ಹಾಗೆ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಕೀಬೋರ್ಡ್‌ನ ಸ್ವಿಚ್ ಆರಿಸಿ ಏಳಬೇಕು.

ನಿದ್ದೆಯ ಕಾಟ ಮೂರಕ್ಕೂ ಇದೆ. ಬ್ಯಾಟರಿ ಉಳಿಸಲು ಮಲಗಿದ ಕೀಬೋರ್ಡ್ ಏಳುವಾಗ ಮೊದಲ ಅಕ್ಷರ ನುಂಗುತ್ತದೆ. ಕನ್ನಡದಲ್ಲಿ ಇದು ತಮಾಷೆಯಾಗಿ ಕಾಣುತ್ತದೆ: ವ್ಯಂಜನ ನಾಪತ್ತೆ, ಗುಡಿಸೋ ಕೊಂಬೋ ಮಾತ್ರ ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದಿರುತ್ತದೆ. ಸುಮ್ನೆ ಶಿಫ್ಟ್ ಒಮ್ಮೆ ಒತ್ತಿ ಎಬ್ಬಿಸಿ, ಆಮೇಲೆ ಶುರು ಮಾಡುವುದು ಒಳ್ಳೆಯದು.

ಯುಎಸ್‌ಬಿ ಡಾಂಗಲ್‌ನ ಕೀಬೋರ್ಡ್‌ಗಳನ್ನು ಈ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಟ್ಯಾಬ್ಲೆಟ್‌ಗೆ ಇರುವ ಒಂದೇ ಒಂದು ಪೋರ್ಟನ್ನು ಡಾಂಗಲ್ ಹಿಡಿದುಕೊಂಡರೆ ಚಾರ್ಜ್ ಮಾಡುವುದು ಎಲ್ಲಿಂದ?

ಈಗ ಬರೆಯುವುದೆಲ್ಲ ಬಿಡಿ ಕೀಬೋರ್ಡ್‌ನಲ್ಲೇ. ಪ್ರಯಾಣ, ಮೀಟಿಂಗ್‌ನ ಟಿಪ್ಪಣಿಗೆ ಕವರ್. ಕವರ್ ಮಾದರಿಯೇ ಬೇಕು ಎನ್ನುವವರು, ಇನ್‌ಸ್ಕ್ರಿಪ್ಟ್‌ನವರಾದರೆ, ಕೊಳ್ಳುವ ಮುಂಚೆ ಚಿತ್ರವನ್ನು ದೊಡ್ಡದು ಮಾಡಿ ಎಲ್ ಕೀಯ ಬಲಕ್ಕೆ ನೋಡಿ. ಅಲ್ಲಿ ಎರಡು ಕೀ ಪೂರ್ತಿ ಅಗಲಕ್ಕೆ ಇರಬೇಕು, ಅಂಕಿ ಒಂದರ ಎಡಕ್ಕೂ ಇನ್ನೊಂದು ಇರಬೇಕು.