ಸುಂಡಿಲಿಯ ಪ್ರತಿಕಾಯವನ್ನು ಇಲಿಯ ಮಿದುಳಿಗೆ ಹಾಕುವ ಮುನ್ನ

ಮಂಗನ ಕಾಯಿಲೆಯ ಎರಡನೇ ಹಂತದಲ್ಲಿ ಕೆಲವರ ಮಿದುಳಿಗೂ ತೊಂದರೆಯಾಗುವುದನ್ನು ಕೇಳುತ್ತಲೇ ಬೆಳೆದ ಮಲೆನಾಡಿನವನಾದ ನಾನು, ಮಿದುಳಿನ ಉರಿಯೂತದ ಅಧ್ಯಯನಕ್ಕೆ ಬಹಳ ಆಸೆಯಿಂದ ಬಂದವನು. ಶಿವಮೊಗ್ಗದ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿಳಿದ ಮೊದಲ ವರ್ಷವೇ ಒಂದು ಮಳೆಗಾಲವನ್ನೂ ಹನ್ನೆರಡು ವಿಸ್ಟಾರ್ ತಳಿಯ ಇಲಿಗಳ ಜೀವವನ್ನೂ ತಪ್ಪು ಪ್ರತಿಕಾಯ (ನಿರ್ದಿಷ್ಟ ಪ್ರೋಟೀನಿಗೆ ಅಂಟಿ ಅದನ್ನು ಗುರುತಿಸುವ ಅಣು) ಆರಿಸಿ ವ್ಯರ್ಥಮಾಡಿದೆ. ಇಲಿಗಳ ವಿಷಯ ಇಂದಿಗೂ ನನ್ನನ್ನು ಕಾಡುತ್ತದೆ.

ಗಾಯಗೊಂಡ ಮಿದುಳಿನಲ್ಲಿ ಕಬಳಿಸುವ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ಗುರುತಿಸಲು, ಸುಂಡಿಲಿಗಳ ಮೇಲೆ ನಡೆದ ಅಧ್ಯಯನವೊಂದನ್ನು ನಂಬಿ ಎಫ್4/80 ಎಂಬ ಪ್ರತಿಕಾಯ ತರಿಸಿದ್ದೆ. ಆಡುಮಾತಿನಲ್ಲಿ ನಾವು ಸುಂಡಿಲಿ (ಮೌಸ್), ಇಲಿ (ರ‍್ಯಾಟ್) ಎರಡನ್ನೂ ಇಲಿ ಎಂದೇ ಕರೆದರೂ ಪ್ರತಿಕಾಯಕ್ಕೆ ಅವು ಬೇರೆ ಬೇರೆ ಪ್ರಾಣಿಗಳು. ಎಫ್4/80 ಸುಂಡಿಲಿಯ ಪ್ರೋಟೀನನ್ನು ಗುರುತಿಸಲೆಂದು ಇಲಿಯ ಕೋಶಗಳಿಂದ ಪಡೆದ ಪ್ರತಿಕಾಯ. ಇಲಿಯ ಅಂಗಾಂಶದಲ್ಲಿ ಅದಕ್ಕೆ ಕೆಲಸವಿಲ್ಲ. ಆದರೂ ನನ್ನ ಸ್ಲೈಡುಗಳು ಹೊಳೆದವು, ಅದೂ ಗಾಯದ ಸುತ್ತಲೇ ಹೊಳೆದವು. ಮೊದಲ ಪ್ರತಿಕಾಯಕ್ಕೆ ಅಂಟಿ ಬೆಳಗಲೆಂದು ನಾನು ಬಳಸಿದ ಎರಡನೇ ಪ್ರತಿಕಾಯವು ಇಲಿಯ ಯಾವುದೇ ಪ್ರತಿಕಾಯಕ್ಕೂ ಅಂಟುವಂಥದ್ದಾಗಿತ್ತು. ಗಾಯವಾದಲ್ಲಿ ರಕ್ತನಾಳಗಳ ತಡೆ ಒಡೆದು ಇಲಿಯ ಸ್ವಂತ ಪ್ರತಿಕಾಯಗಳು ಮಿದುಳಿಗೆ ಸೋರಿದ್ದರಿಂದ, ಅದು ನೇರವಾಗಿ ಅವುಗಳನ್ನೇ ಹಿಡಿದುಕೊಂಡಿತ್ತು. ನಿರೀಕ್ಷಿಸಿದ ಜಾಗದಲ್ಲೇ ಬೆಳಕು ಕಂಡದ್ದರಿಂದ ಮೂರು ತಿಂಗಳು ಯಾರಿಗೂ ಅನುಮಾನ ಬರಲಿಲ್ಲ. ಗಾಯಗೊಂಡ ಮಿದುಳಿನದೇ ಆದ, ಮೊದಲ ಪ್ರತಿಕಾಯವನ್ನೇ ಹಾಕದ ಒಂದು ಸ್ಲೈಡನ್ನು ಕೊನೆಗೆ ನೋಡಿದಾಗ ಅದೂ ಅಷ್ಟೇ ಪ್ರಕಾಶಮಾನವಾಗಿತ್ತು.

ಬದಲಿ ಪ್ರತಿಕಾಯ ಬೆಂಗಳೂರಿನಿಂದ ಮಂಜುಗಡ್ಡೆಯ ಪೊಟ್ಟಣದಲ್ಲಿ ಬರಬೇಕಿತ್ತು. ಮಳೆಗೆ ಅದು ತಡವಾಯಿತು. ಅಷ್ಟರಲ್ಲಿ ಉಳಿದ ಮಿದುಳುಗಳನ್ನು, ಅಂಗಾಂಶ ಕೆಡದಂತೆ ಗಟ್ಟಿಗೊಳಿಸುವ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ವಾರಗಟ್ಟಲೆ ಬಿಟ್ಟಿದ್ದು ನನ್ನ ಎರಡನೇ ತಪ್ಪು. ಅತಿಯಾಗಿ ಗಟ್ಟಿಗೊಂಡ ಅಂಗಾಂಶದಲ್ಲಿ ಹಲವು ಪ್ರತಿಕಾಯಗಳಿಗೆ ತಮ್ಮ ಗುರಿಯೇ ಸಿಗುವುದಿಲ್ಲ. ಆ ಗುರಿಗಳನ್ನು ಮತ್ತೆ ತೆರೆಯಲು ಸಿಟ್ರೇಟ್ ದ್ರಾವಣದಲ್ಲಿ ಬಿಸಿಮಾಡಿದ ಮೇಲೂ ಕೆಲವು ಮಿದುಳುಗಳು ಮಾತ್ರ ಉಪಯೋಗಕ್ಕೆ ಬಂದವು.

ಅವುಗಳ ಮೇಲೆ ಐಬಿಎ1 ಎಂಬ ಪ್ರೋಟೀನಿಗೆ ಮೊಲದಲ್ಲಿ ತಯಾರಿಸಿದ ಪ್ರತಿಕಾಯ ಚೆನ್ನಾಗಿ ಕೆಲಸ ಮಾಡಿತು. ಆದರೆ ಐಬಿಎ1 ಮಿದುಳಿನಲ್ಲೇ ನೆಲೆಸಿರುವ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಮತ್ತು ರಕ್ತದಿಂದ ಬಂದ ಮ್ಯಾಕ್ರೋಫೇಜ್ ಎರಡರಲ್ಲೂ ಇರುವುದರಿಂದ, ಅದೊಂದನ್ನೇ ನಂಬಿ ಹೊರಗಿನಿಂದ ಬಂದ ಕೋಶಗಳನ್ನು ಎಣಿಸಬೇಡಿ. ಪಿ2ಆರ್‌ವೈ12 ಎಂಬ ಪ್ರೋಟೀನು ಮೈಕ್ರೋಗ್ಲಿಯಾಕ್ಕೆ ಹೆಚ್ಚು ನಿರ್ದಿಷ್ಟ ಎನ್ನುವುದು ನಿಜ, ಆದರೆ ಕೋಶಗಳು ಪ್ರಚೋದನೆಗೊಂಡಾಗ ಅದರ ಪ್ರಮಾಣ ಇಳಿಯುತ್ತದೆ. ಗಾಯದ ಬಳಿ ಅದು ಕಾಣದಿದ್ದ ಮಾತ್ರಕ್ಕೆ ಅಲ್ಲಿ ಮೈಕ್ರೋಗ್ಲಿಯಾ ಇಲ್ಲವೆಂದು ಬರೆಯುವಂತಿಲ್ಲ. ಇಲಿಯ ಸಿಡಿ68 ಎಂಬ ಪ್ರೋಟೀನಿಗೆ ಇಡಿ1 ಎಂಬ ಪ್ರತಿಕಾಯ ಇದೆ. ಅದು ಕೋಶ ಎಲ್ಲಿಂದ ಬಂತು ಎಂದು ಹೇಳದು, ಕಬಳಿಸುವ ಕೆಲಸದಲ್ಲಿ ತೊಡಗಿರುವ ಕೋಶಗಳನ್ನು ತೋರಿಸುತ್ತದೆ. ಇಡಿ1 ಸುಂಡಿಲಿಯಲ್ಲಿ ತಯಾರಾದದ್ದರಿಂದ, ಇಲಿಯ ಪ್ರತಿಕಾಯಗಳಿಗೆ ಅಂಟದಂತೆ ಸೋಸಿದ ಎರಡನೇ ಪ್ರತಿಕಾಯವನ್ನೇ ಕೇಳಿ ತರಿಸಿಕೊಳ್ಳಿ.

ಹಣ ಕಟ್ಟುವ ಮೊದಲು ಪ್ರತಿಕಾಯ ಯಾವ ಪ್ರಾಣಿಯಲ್ಲಿ ತಯಾರಾಗಿದೆ, ಯಾವ ಪ್ರಾಣಿಯದನ್ನು ಗುರುತಿಸುತ್ತದೆ, ನೀವು ಅಂಗಾಂಶವನ್ನು ಸಂಸ್ಕರಿಸುವ ವಿಧಾನದಲ್ಲೇ ಅದನ್ನು ಪರೀಕ್ಷಿಸಿದ್ದಾರೆಯೇ ಎಂದು ಮಾರುವವರಿಂದ ಬರವಣಿಗೆಯಲ್ಲಿ ಪಡೆಯಿರಿ. ಮೊದಲ ಪ್ರತಿಕಾಯ ಹಾಕದ ಸ್ಲೈಡನ್ನು ಗಾಯವಾದ ಮಿದುಳಿನಿಂದಲೇ ಮಾಡಿ, ಏಕೆಂದರೆ ಗಾಯವಿಲ್ಲದ ಮಿದುಳಿನಲ್ಲಿ ಆ ಸೋರಿಕೆ ಇರುವುದಿಲ್ಲ, ಸ್ಲೈಡು ಕಪ್ಪಾಗಿಯೇ ಕಾಣುತ್ತದೆ. ನಾನು ಮೊದಲು ಮಾಡಿದ್ದು ಗಾಯವಿಲ್ಲದ ಮಿದುಳಿನ ಸ್ಲೈಡನ್ನೇ.